ಎಲ್ಲರೂ ಒಂದು ಸಲ ಮಾತಾಡುವ ತನಕ

ಒಂದು ವರ್ಷ ಸಮಾಜ ಸೇವೆ ಮಾಡುತ್ತೇನೆ ಎಂದು ಹೊರಟವರನ್ನು ಮೊದಮೊದಲು ಸೇವೆ ಮಾಡೋಕೇ ಬಿಡುವುದಿಲ್ಲ. ಸೇರಿದ್ದು ಶಾಲೆಯ ಮಕ್ಕಳ ಜೊತೆ ಕೆಲಸ ಮಾಡಲು. ಆದರೆ ಆಗಸ್ಟ್ ತಿಂಗಳ ಸೆಕೆಯಲ್ಲಿ ವಾರಗಟ್ಟಲೆ ಒಂದು ಮಗುವಿನ ಮುಖವನ್ನೂ ಕಾಣದೆ, ಗುರುತು ಪರಿಚಯ ಇಲ್ಲದ ಹುಡುಗ ಹುಡುಗಿಯರ ಜೊತೆ ದುಂಡಗೆ ನಿಂತು ಚಪ್ಪಾಳೆ ತಟ್ಟಬೇಕು, ಕೂಗಬೇಕು, ಕುಣಿಯಬೇಕು, ಯಾರಾದರೂ ಅತ್ತರೆ ಸಮಾಧಾನ ಮಾಡಬೇಕು. ಇದಕ್ಕೆ ತರಬೇತಿ ಅಂತ ಹೆಸರು.

ನಾನು ಈ ತರಬೇತಿ ಪಡೆದದ್ದು 2018ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಸಿಟಿ ಇಯರ್ ಅನ್ನುವ ಸಂಸ್ಥೆಯಲ್ಲಿ. ಇಷ್ಟು ವರ್ಷ ಇದರ ಬಗ್ಗೆ ಬರೆಯುವ ಯೋಚನೆ ಬಂದಿರಲಿಲ್ಲ. ಮೊನ್ನೆ ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮೊಮ್ಮಗಳು ಫೋನ್ ಮಾಡಿ, "ನಾನೂ ಅರ್ಜಿ ಹಾಕ್ಲಾ? ಆ ಟ್ರೈನಿಂಗ್‌ನಲ್ಲಿ ಏನ್ ಮಾಡಿಸ್ತಾರೆ?" ಎಂದು ಕೇಳಿದಳು. ಐದು ನಿಮಿಷದಲ್ಲಿ ಹೇಳಿ ಮುಗಿಸೋಣ ಅಂತ ಶುರು ಮಾಡಿದೆ, ಮುಗಿಯಲಿಲ್ಲ. ಅವಳಿಗೆ ಹೇಳದೆ ಉಳಿದದ್ದೇ ಜಾಸ್ತಿ.

ಸಿಟಿ ಇಯರ್ ಹುಟ್ಟಿದ್ದು 1988ರಲ್ಲಿ, ಬಾಸ್ಟನ್‌ನಲ್ಲಿ. ಹಾರ್ವರ್ಡ್‌ನಲ್ಲಿ ಒಟ್ಟಿಗೆ ಓದಿದ ಮೈಕಲ್ ಬ್ರೌನ್ ಮತ್ತು ಅಲನ್ ಖೇಜಿ ಎಂಬ ಇಬ್ಬರು ಗೆಳೆಯರು ಐವತ್ತು ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಒಂದು ಬೇಸಿಗೆಯ ಮಟ್ಟಿಗೆ ಪ್ರಯೋಗ ಮಾಡಿ ನೋಡಿದರು. ಉಳ್ಳವರ ಮಕ್ಕಳು, ಇಲ್ಲದವರ ಮಕ್ಕಳು, ಕರಿಯರು, ಬಿಳಿಯರು, ಓದು ಬಿಟ್ಟವರು, ಕಾಲೇಜಿಗೆ ಹೊರಟು ನಿಂತವರು, ಎಲ್ಲರನ್ನೂ ಒಂದೇ ತಂಡಕ್ಕೆ ಹಾಕಿ ಊರ ಕೆಲಸಕ್ಕೆ ಬಿಡುವುದು. ಅಷ್ಟೇ ಅವರ ಐಡಿಯಾ. ಬಿಲ್ ಕ್ಲಿಂಟನ್ ಇನ್ನೂ ಚುನಾವಣೆಯ ಓಡಾಟದಲ್ಲಿದ್ದಾಗ ಈ ತಂಡಗಳನ್ನು ನೋಡಿ ಮೆಚ್ಚಿಕೊಂಡಿದ್ದರು. ಅಧ್ಯಕ್ಷರಾದ ಮೇಲೆ 1993ರಲ್ಲಿ ಅವರು ಸಹಿ ಹಾಕಿದ ಕಾಯ್ದೆಯಿಂದ ಅಮೆರಿಕಾರ್ಪ್ಸ್ ಅನ್ನುವ ಸರ್ಕಾರಿ ಯೋಜನೆ ಬಂತು. ಸಿಟಿ ಇಯರ್ ಕೂಡ ಅದರ ಅಡಿಯಲ್ಲೇ ನಡೆಯುತ್ತದೆ. ಹದಿನೇಳರಿಂದ ಇಪ್ಪತ್ತೈದರೊಳಗಿನ ವಯಸ್ಸು. ಒಂದು ಶಾಲಾ ವರ್ಷ, 1,700 ಗಂಟೆ ಕೆಲಸ. ಪೂರ್ತಿ ಮುಗಿಸಿದರೆ ಮುಂದಿನ ಓದಿಗೆ ಒಂದಿಷ್ಟು ದುಡ್ಡು. ಅಲ್ಲಿಯವರೆಗೆ ಕೈಗೆ ಸಿಗುವುದು ಊಟ, ಬಾಡಿಗೆಗೆ ಸಾಲುವ ಹಾಗೂ ಇರುವ, ಸಾಲದ ಹಾಗೂ ಇರುವ ಭತ್ಯೆ.

ನಮ್ಮವರಿಗೆ ಇದರ ಬಗ್ಗೆ ಗೊತ್ತಿಲ್ಲದಿರಲು ಒಂದು ಸರಳ ಕಾರಣ ಇದೆ. ಇದಕ್ಕೆ ಅಮೆರಿಕದ ಪ್ರಜೆಯಾಗಿರಬೇಕು ಅಥವಾ ಗ್ರೀನ್ ಕಾರ್ಡ್ ಇರಬೇಕು. ಅಪ್ಪ ಅಮ್ಮನ ಎಚ್1ಬಿ ಅನ್ನುವ ಕೆಲಸದ ವೀಸಾ ಮೇಲೆ ಬಂದು, ಅವಲಂಬಿತರ ಎಚ್4 ವೀಸಾದಲ್ಲಿರುವ ಮಕ್ಕಳು ಸೇರುವ ಹಾಗಿಲ್ಲ. ನಮ್ಮದು ಬೇರೆ ದಾರಿ. ದೊಡ್ಡಪ್ಪ ಯಾವ ಕಾಲದಲ್ಲೋ ಅಪ್ಪನಿಗೆ ಅಂತ ಹಾಕಿದ್ದ ಅರ್ಜಿ, ಎಲ್ಲರೂ ಮರೆತು ಕೂತ ಮೇಲೆ, ಸರಿಯಾಗಿ ನನಗೆ ಇಪ್ಪತ್ತೊಂದು ತುಂಬುವ ಮೊದಲು ಮಂಜೂರಾಯಿತು. ಹಾಸನದಲ್ಲಿ ಬಿಕಾಂ ಅರ್ಧಕ್ಕೆ ಬಿಟ್ಟು ಬಂದೆ. ಇಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿ, ದೊಡ್ಡಪ್ಪನ ಅಂಗಡಿಯಲ್ಲಿ ಗಲ್ಲಾ ನೋಡಿಕೊಂಡಿದ್ದವನು, "ಒಂದು ವರ್ಷ ಇದನ್ನು ಮಾಡ್ತೀನಿ" ಅಂದಾಗ ಮನೆಯಲ್ಲಿ ಎಂಥ ಮಾತು ನಡೆದಿರಬಹುದು ಅಂತ ನೀವೇ ಊಹಿಸಿಕೊಳ್ಳಿ. ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಸೇವೆ ಮಾಡೋಕೆ ಅಮೆರಿಕಕ್ಕೆ ಬರಬೇಕಿತ್ತೇನೋ? ಹಾಸನದಲ್ಲಿ ಚರಂಡಿ ಇರಲಿಲ್ವಾ?"

ಚರಂಡಿ ಇತ್ತು. ತೆಗೆದೂ ಇದ್ದೆವು. ಕಾಲೇಜಿನಲ್ಲಿ ನಾನು ಎನ್ನೆಸ್ಸೆಸ್‌ನಲ್ಲಿದ್ದೆ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ನಮ್ಮ ಶಿಬಿರ ಅರಕಲಗೂಡು ಕಡೆಯ ಒಂದು ಹಳ್ಳಿಯಲ್ಲಿ ನಡೆದಿತ್ತು. ಬೆಳಿಗ್ಗೆ ಪ್ರಭಾತ್ ಫೇರಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಹೀಗಾಗಿ ಸೇವೆಯ ತರಬೇತಿ ಹೇಗಿರುತ್ತದೆ ಅಂತ ನನಗೆ ಒಂದು ಅಂದಾಜು ಇತ್ತು. ಗುದ್ದಲಿ ಕೊಡ್ತಾರೆ, ಎಲ್ಲಿ ಅಗೆಯಬೇಕು ಅಂತ ತೋರಿಸ್ತಾರೆ, ಅಗೆಯೋದು. ಫಿಲಡೆಲ್ಫಿಯಾದಲ್ಲಿ ಗುದ್ದಲಿ ಕೊಡಲಿಲ್ಲ. ಬದಲಿಗೆ ಒಂದು ಕೆಂಪು ಜಾಕೆಟ್ ಕೊಟ್ಟರು.

ಜಾಕೆಟ್‌ಗೆ ಮೊದಲು ಕಾಗದಪತ್ರದ ಕೆಲಸ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರು ಮೂರು ಬಗೆಯ ತಪಾಸಣೆ ದಾಟಬೇಕು: ರಾಜ್ಯ ಪೊಲೀಸರ ದಾಖಲೆ, ಮಕ್ಕಳ ಮೇಲೆ ದೌರ್ಜನ್ಯ ಮಾಡಿದವರ ಪಟ್ಟಿಯಲ್ಲಿ ಹೆಸರಿಲ್ಲ ಅನ್ನುವ ಪತ್ರ, ಎಫ್‌ಬಿಐಗೆ ಬೆರಳಚ್ಚು. ಮಗುವಿನ ಮೈಮೇಲೆ ಗಾಯ ಕಂಡರೆ, ಮಗು ಏನಾದರೂ ಬಾಯಿಬಿಟ್ಟರೆ ಯಾರಿಗೆ ತಿಳಿಸಬೇಕು ಅಂತ ಒಂದು ಪಾಠ. "ಯಾರಿಗೂ ಹೇಳಬೇಡ" ಎಂದು ಮಗು ಬೇಡಿಕೊಂಡರೂ ಹೇಳಲೇಬೇಕು, ಅದು ಕಾನೂನು. ಹಾಗಾಗಿ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡುವುದೇ ಬೇಡ ಅಂತ ಹೇಳಿಕೊಟ್ಟರು. ಸೇವೆಯ ಹೊತ್ತಿನಲ್ಲಿ ರಾಜಕೀಯ ಪ್ರಚಾರ ಇಲ್ಲ, ಧರ್ಮ ಪ್ರಚಾರ ಇಲ್ಲ. ಸಮವಸ್ತ್ರದಲ್ಲಿದ್ದಾಗ ಸಿಗರೇಟು ಇಲ್ಲ, ಕಿವಿಗೆ ಇಯರ್‌ಫೋನ್ ಇಲ್ಲ. ಸಿಗ್ನಲ್ ನೋಡದೆ ರಸ್ತೆ ದಾಟುವುದೂ ಇಲ್ಲ. ಈ ಕೊನೆಯದು ಹಾಸನದ ಎನ್ಆರ್ ಸರ್ಕಲ್‌ನಲ್ಲಿ ಬೆಳೆದವನಿಗೆ ಎಷ್ಟು ಕಷ್ಟ ಅಂತ ಆ ನಿಯಮ ಮಾಡಿದವರಿಗೆ ಗೊತ್ತಿರಲಿಕ್ಕಿಲ್ಲ.

ಆಮೇಲೆ ಪಿಟಿ. ಇದು ಸಿಟಿ ಇಯರ್‌ನ ಹಳೆಯ ಸಂಪ್ರದಾಯ. ಊರಿನ ನಟ್ಟನಡುವೆ, ಜನ ಕೆಲಸಕ್ಕೆ ಹೋಗುವ ಹೊತ್ತಿಗೆ, ಸಾಲಾಗಿ ನಿಂತು ಎಣಿಕೆ ಕೂಗುತ್ತಾ ಕಸರತ್ತು ಮಾಡುವುದು. ಫಿಲಡೆಲ್ಫಿಯಾದ ಸಿಟಿ ಹಾಲ್ ಎದುರು, ಮೇಲೆ ಗೋಪುರದ ತುದಿಯಲ್ಲಿ ವಿಲಿಯಂ ಪೆನ್ ಪ್ರತಿಮೆ, ಕೆಳಗೆ ನಾವು. ಸಬ್‌ವೇಯಿಂದ ಮೇಲೆ ಬಂದ ಜನ ಕಾಫಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದರು. ಕೆಲವರು ನಗುತ್ತಿದ್ದರು. ಒಬ್ಬಾಕೆ ಮಾತ್ರ ಬ್ಯಾಗ್ ಕೆಳಗಿಟ್ಟು ನಮ್ಮ ಜೊತೆ ನಾಲ್ಕು ಸಲ ಹಾರಿ ಹೋದಳು.

ನನಗೆ ಹೈಸ್ಕೂಲಿನ ಪಿಟಿ ಮೇಷ್ಟ್ರ ಸೀಟಿ ನೆನಪಾಯಿತು. ಜೊತೆಗಿದ್ದವರಿಗೆ ನಾಚಿಕೆ. ಓಹಾಯೋದಿಂದ ಬಂದ ಉದ್ದನೆಯ ಹುಡುಗನೊಬ್ಬ, ಆಗತಾನೆ ಒಳ್ಳೆ ಕಾಲೇಜಿನಿಂದ ಪದವಿ ಮುಗಿಸಿದವನು, "ಇದಕ್ಕೂ ಮಕ್ಕಳ ಗಣಿತಕ್ಕೂ ಏನು ಸಂಬಂಧ?" ಎಂದು ಗೊಣಗುತ್ತಲೇ ಇದ್ದ. ನನಗೆ ಇಂಥದ್ದರಲ್ಲಿ ಮುಜುಗರ ಆಗುವುದಿಲ್ಲ. ಎನ್ನೆಸ್ಸೆಸ್ ಮಾಡಿದವರಿಗೆ ಎನ್ನೆಸ್ಸೆಸ್ ಚಪ್ಪಾಳೆ ಗೊತ್ತೇ ಇರುತ್ತದೆ, ಒಂದು ಎರಡು ಮೂರು ಅಂತ ತಾಳ ಹಾಕಿ ಹೊಡೆಯುವುದು. ಒಂದು ದಿನ ವಿರಾಮದ ಹೊತ್ತಿನಲ್ಲಿ ಅದನ್ನು ಸುಮ್ನೆ ತಂಡಕ್ಕೆ ಕಲಿಸಿದೆ. ವರ್ಷ ಪೂರ್ತಿ ನಮ್ಮ ತಂಡದ ಚಪ್ಪಾಳೆ ಅದೇ ಆಯಿತು. 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ ಶುರುವಾದ ಒಂದು ಯೋಜನೆಯ ಚಪ್ಪಾಳೆ ಫಿಲಡೆಲ್ಫಿಯಾದ ಶಾಲೆಯ ಬಾಗಿಲಲ್ಲಿ ಕೇಳಿಸಿತು.

ಈ ಕೂಗಾಟ, ಘೋಷಣೆ, ಕಥೆಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅರ್ಧಕ್ಕರ್ಧ ಅತಿಯಾಯಿತು. ಸಭೆ ಶುರುವಾಗುವ ಮೊದಲು ಯಾರಾದರೂ ಒಬ್ಬರು, ಯಾರದೋ ಸಣ್ಣ ಕೆಲಸದಿಂದ ಯಾರಿಗೋ ಒಳ್ಳೆಯದಾದ ಪ್ರಸಂಗ ಹೇಳಬೇಕು. ಅದನ್ನು ಅಲೆ ಅನ್ನುತ್ತಾರೆ. 1966ರಲ್ಲಿ ಅಮೆರಿಕದ ರಾಜಕಾರಣಿ ರಾಬರ್ಟ್ ಕೆನಡಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಭಾಷಣದಿಂದ ಬಂದ ಹೆಸರು. ಮೊದಲ ವಾರ ಚೆನ್ನಾಗಿತ್ತು. ಮೂರನೇ ವಾರ ಬರುವ ಹೊತ್ತಿಗೆ ನಾವು ಅಲೆ ಹುಡುಕಿಕೊಂಡು ತಿರುಗುತ್ತಿದ್ದೆವು. ಬಸ್ಸಿನಲ್ಲಿ ಯಾರೋ ಯಾರಿಗೋ ಸೀಟು ಬಿಟ್ಟರೆ ಸಾಕು, ನಮ್ಮವರು ಡೈರಿ ತೆಗೆಯುತ್ತಿದ್ದರು.

ಆದರೆ ಈ ಗದ್ದಲದ ನಡುವೆ ಒಂದು ನಿಯಮ ಇತ್ತು. ನಾನು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಎಲ್ಲರೂ ಒಂದು ಸಲ ಮಾತಾಡುವ ತನಕ ಯಾರೂ ಎರಡನೇ ಸಲ ಮಾತಾಡುವ ಹಾಗಿಲ್ಲ. ಇಂಗ್ಲಿಷ್‌ನಲ್ಲಿ ಆ ವಾಕ್ಯದ ಮೊದಲಕ್ಷರಗಳನ್ನು ಸೇರಿಸಿ ನೊಸ್ಟುಯೆಸೊ ಎಂದು ಕೂಗುತ್ತಾರೆ. ಏನೋ ತಿಂಡಿಯ ಹೆಸರಿನ ಹಾಗಿದೆ, ಅಲ್ವಾ?

ಕೇಳೋಕೆ ಇಷ್ಟೇ. ಮಾಡಿ ನೋಡಿದರೆ ಗೊತ್ತಾಗುತ್ತದೆ. ನಮ್ಮ ತಂಡದಲ್ಲಿ ಹತ್ತು ಹನ್ನೊಂದು ಜನ. ಓಹಾಯೋ ಹುಡುಗನಿಗೆ ಪ್ರತಿಯೊಂದಕ್ಕೂ ಉತ್ತರ ಗೊತ್ತು, ಬೇರೆಯವರ ಮಾತು ಮುಗಿಯುವ ಮೊದಲೇ ಶುರು ಮಾಡುತ್ತಿದ್ದ. ಉತ್ತರ ಫಿಲಡೆಲ್ಫಿಯಾದಲ್ಲೇ ಹುಟ್ಟಿ ಬೆಳೆದ ಹುಡುಗಿ ಒಬ್ಬಳಿದ್ದಳು. ನಾವು ಹೋಗಬೇಕಿದ್ದ ಶಾಲೆ ಅವಳ ಮನೆಯಿಂದ ನಡೆದು ಹೋಗುವಷ್ಟು ದೂರ. ಅವಳು ಬಾಯಿಯೇ ಬಿಡುತ್ತಿರಲಿಲ್ಲ. ಮೊದಲ ಸಭೆಯಲ್ಲಿ ಓಹಾಯೋ ಹುಡುಗ ಆ ಶಾಲೆಯ ಸುತ್ತಲಿನ ಬೀದಿಗಳ ಬಗ್ಗೆ, ಅಲ್ಲಿನ ಮನೆಗಳ ಬಗ್ಗೆ, ತಂದೆ ತಾಯಿಯರ ಬಗ್ಗೆ ಓದಿಕೊಂಡು ಬಂದದ್ದನ್ನೆಲ್ಲ ಹೇಳಿ ಮುಗಿಸಿದ. ಆಮೇಲೆ ನಿಯಮದ ಪ್ರಕಾರ ಅವನು ಸುಮ್ಮನಿರಬೇಕು. ಒಬ್ಬೊಬ್ಬರಾಗಿ ಮಾತಾಡಿ ಸರದಿ ಅವಳ ಹತ್ತಿರ ಬಂತು. ಅವಳು ಸ್ವಲ್ಪ ಹೊತ್ತು ನೆಲ ನೋಡಿಕೊಂಡು ಕೂತಿದ್ದು, "ನೀನು ಹೇಳಿದ್ದು ನನ್ನ ಬೀದಿ," ಎಂದಳು. "ಅಲ್ಲಿ ಬೆಳಿಗ್ಗೆ ಏಳೂವರೆಗೆ ನನ್ನ ಅಜ್ಜಿ ಮೆಟ್ಟಿಲ ಮೇಲೆ ಕೂತು ಶಾಲೆಗೆ ಹೋಗುವ ಎಲ್ಲ ಮಕ್ಕಳ ಹೆಸರು ಹಿಡಿದು ಕೂಗ್ತಾಳೆ. ಅದೂ ನೀನು ಓದಿದ್ದರಲ್ಲಿ ಇತ್ತಾ?"

ಓಹಾಯೋ ಹುಡುಗನ ಮುಖ ಕೆಂಪಾಯಿತು. ಉತ್ತರ ಕೊಡಲು ಅವನಿಗೆ ಅವಕಾಶ ಇರಲಿಲ್ಲ, ಇನ್ನೂ ಮೂವರು ಬಾಕಿ ಇದ್ದರು. ಆ ನಿಯಮದ ಗುಣ ಇದೇ. ತಕ್ಷಣ ಸಮರ್ಥನೆ ಮಾಡಿಕೊಳ್ಳೋಕೆ ಬಿಡುವುದಿಲ್ಲ. ಸರದಿ ಮತ್ತೆ ಅವನ ಹತ್ತಿರ ಬರುವ ಹೊತ್ತಿಗೆ ಅವನಿಗೆ ಹೇಳಲು ಉಳಿದಿದ್ದದ್ದು ಒಂದೇ ಪ್ರಶ್ನೆ: "ನಿಮ್ಮಜ್ಜಿಯನ್ನು ನೋಡಬಹುದಾ?"

ಇನ್ನೊಂದು ದಿನದ ಆಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದಲ್ಲಿ ಇಂಥ ಕಡೆ ಇದನ್ನು ಬಹಳ ಆಡಿಸುತ್ತಾರೆ. ಎಲ್ಲರೂ ಒಂದು ಗೆರೆಯ ಮೇಲೆ ನಿಲ್ಲಬೇಕು. ಒಬ್ಬರು ಒಂದೊಂದೇ ವಾಕ್ಯ ಓದುತ್ತಾರೆ. ನಿನ್ನ ತಂದೆ ತಾಯಿ ಕಾಲೇಜು ಓದಿದ್ದರೆ ಒಂದು ಹೆಜ್ಜೆ ಮುಂದೆ. ಮನೆಯಲ್ಲಿ ಊಟಕ್ಕಿಲ್ಲದೆ ಮಲಗಿದ ರಾತ್ರಿ ಇದ್ದರೆ ಒಂದು ಹೆಜ್ಜೆ ಹಿಂದೆ. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುತ್ತಿದ್ದರೆ ಹಿಂದೆ. ಅಂಗಡಿಯಲ್ಲಿ ನಿನ್ನ ಬಣ್ಣ ನೋಡಿ ಯಾರಾದರೂ ನಿನ್ನ ಹಿಂದೆಯೇ ತಿರುಗಿದ್ದರೆ ಹಿಂದೆ. ಕೊನೆಗೆ ಯಾರು ಎಲ್ಲಿದ್ದಾರೆ ಅಂತ ತಿರುಗಿ ನೋಡಬೇಕು.

ನಾನು ಹಿಂದೆ ಹಿಂದೆ ಹೋಗುತ್ತಲೇ ಇದ್ದೆ. ಬಣ್ಣ, ಭಾಷೆ, ಅಪ್ಪನ ಓದು, ಹೊಸದಾಗಿ ಬಂದ ದೇಶ. ಹೆಚ್ಚುಕಮ್ಮಿ ಕೊನೆಯ ಸಾಲಿನಲ್ಲಿ ನಿಂತೆ. ಅಕ್ಕಪಕ್ಕದವರು ಕನಿಕರದಿಂದ ನೋಡಿದರು. ಆ ಕನಿಕರ ನನಗೆ ಚುಚ್ಚತೊಡಗಿತು. ಯಾಕೆಂದರೆ ಅವರ ಪಟ್ಟಿಯಲ್ಲಿ ಒಂದು ಪ್ರಶ್ನೆ ಇರಲಿಲ್ಲ. ನಮ್ಮ ಊರ ಕಡೆ ಹೊಸಬರು ಮನೆಗೆ ಬಂದರೆ ನೀರು ಕೊಟ್ಟು ಕೇಳುವ ಮೊದಲ ಪ್ರಶ್ನೆ, "ನಿಮ್ಮದು ಯಾವ ಜನ?" ಅದಕ್ಕೆ ಉತ್ತರ ಹೇಳಿದ್ದರೆ ನಾನು ಒಂದಲ್ಲ, ಐದಾರು ಹೆಜ್ಜೆ ಮುಂದೆ ನಡೆದಿರುತ್ತಿದ್ದೆ. ತಾತನಿಗೆ ಗದ್ದೆ ಇತ್ತು. ಊರಲ್ಲಿ ನಮ್ಮವರ ಮಾತೇ ನಡೆಯುತ್ತಿತ್ತು. ದೇವಸ್ಥಾನದ ಬಾಗಿಲಲ್ಲಿ, ಬಾವಿಯ ಕಟ್ಟೆಯಲ್ಲಿ, ಹೋಟೆಲಿನ ಲೋಟದಲ್ಲಿ ನಮ್ಮನ್ನು ಯಾರೂ ಯಾವತ್ತೂ ತಡೆದಿರಲಿಲ್ಲ.

ಎನ್ನೆಸ್ಸೆಸ್ ಶಿಬಿರದ ನೆನಪಾಯಿತು. ಅಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿದ್ದೆವು. ಅದರ ಬಗ್ಗೆ ಸಮಾರೋಪದಲ್ಲಿ ಭಾಷಣವೂ ಆಯಿತು. ಆದರೆ ರಾತ್ರಿ ದೊಡ್ಡ ಡಬರಿಗಳನ್ನು ತೊಳೆಯುವ ಪಾಳಿ ಬಂದಾಗ ಯಾರಿಗೆ ತಲೆನೋವು ಬರುತ್ತಿತ್ತು, ಯಾರು ನಾಟಕದ ಪ್ರಾಕ್ಟೀಸ್ ಅಂತ ಜಾರಿಕೊಳ್ಳುತ್ತಿದ್ದರು, ಕೊನೆಗೆ ಯಾವ ಮೂರು ನಾಲ್ಕು ಹುಡುಗರು ಬೂದಿ ತೆಂಗಿನ ನಾರು ಹಿಡಿದು ಕೂರುತ್ತಿದ್ದರು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬರೆದಿಟ್ಟಿರಲಿಲ್ಲ, ಯಾರೂ ಹೇಳಿರಲಿಲ್ಲ. ತಾನಾಗಿ ಹಾಗೇ ಆಗುತ್ತಿತ್ತು.

ಆಟ ಮುಗಿದು ಸುತ್ತು ಕೂತಾಗ ನಾನು ಸುಮ್ಮನಿರೋಣ ಅಂದುಕೊಂಡೆ. ಅದೂ ಆ ನಿಯಮದ ಪ್ರಕಾರ ಆಗುವುದಿಲ್ಲ. ನಾನು ಮಾತಾಡದೆ ಇದ್ದರೆ ಬೇರೆಯವರಿಗೆ ಎರಡನೇ ಸಲ ಅವಕಾಶ ಇಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಹೇಳಿಬಿಟ್ಟೆ. ಜಾತಿ ಅಂದರೇನು ಅಂತ ಹೇಳಲು ನನ್ನ ಇಂಗ್ಲಿಷ್ ಸಾಲಲಿಲ್ಲ. ಡಬರಿ ತೊಳೆಯುವ ಕಥೆ ಹೇಳಿದೆ. ಅದು ಎಲ್ಲರಿಗೂ ಅರ್ಥವಾಯಿತು. ಉತ್ತರ ಫಿಲಡೆಲ್ಫಿಯಾದ ಹುಡುಗಿ ತನ್ನ ಎರಡನೇ ಸರದಿಯಲ್ಲಿ ಕೇಳಿದಳು: "ಅಂದ್ರೆ ನೀನು ಇಲ್ಲಿ ಹಿಂದೆ, ಅಲ್ಲಿ ಮುಂದೆ. ನಿನಗೆ ಎರಡೂ ಕಡೆಯಿಂದ ನೋಡೋಕೆ ಬರುತ್ತೆ?" ಬರುತ್ತೆ ಅಂತ ಹೇಳುವ ಧೈರ್ಯ ನನಗಿರಲಿಲ್ಲ. ಆದರೆ ಅವತ್ತಿನಿಂದ ಅವಳು ನನ್ನ ಜೊತೆ ಮಧ್ಯಾಹ್ನ ಊಟಕ್ಕೆ ಕೂರತೊಡಗಿದಳು. ಆಮೇಲೆ ತಂಡದಲ್ಲಿ ಯಾರೂ ನನ್ನ ಮೇಲೆ ಸುಮ್ಮನೆ ಕನಿಕರ ತೋರಿಸಲಿಲ್ಲ.

ಪಾಠ ಹೇಳಿಕೊಡುವ ತರಬೇತಿಗೆ ಬರೋಣ. ಸಿಟಿ ಇಯರ್ ಮೊದಲೆಲ್ಲ ಪಾರ್ಕಿಗೆ ಬಣ್ಣ ಹೊಡೆಯುವುದು, ಗಿಡ ನೆಡುವುದು, ಹೀಗೆ ಎಲ್ಲ ಥರದ ಕೆಲಸ ಮಾಡುತ್ತಿತ್ತು. ಆಮೇಲೆ ಶಾಲೆಗಳ ಮೇಲೆ ಗಮನ ಇಟ್ಟಿತು. ಅದಕ್ಕೆ ಬುನಾದಿ ಹಾಕಿದ ಅಧ್ಯಯನಗಳಲ್ಲಿ ಮುಖ್ಯವಾದದ್ದು ಫಿಲಡೆಲ್ಫಿಯಾದಲ್ಲೇ ನಡೆದದ್ದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಬಾಲ್ಫಾಂಜ್ ಮತ್ತು ಜೊತೆಗಾರರು ಈ ಊರಿನ ಸುಮಾರು 13,000 ಆರನೇ ತರಗತಿ ಮಕ್ಕಳ ದಾಖಲೆಗಳನ್ನು 1996ರಿಂದ 2004ರವರೆಗೆ ಬೆನ್ನಟ್ಟಿದರು. ಯಾರು ಹೈಸ್ಕೂಲು ಮುಗಿಸದೆ ಬಿಡುತ್ತಾರೆ ಅನ್ನುವುದರ ಸುಳಿವು ಆರನೇ ತರಗತಿಯಲ್ಲೇ ಸಿಗುತ್ತದೆ ಎಂದು ಕಂಡುಕೊಂಡರು. ಹಾಜರಿ 80 ಶೇಕಡಕ್ಕಿಂತ ಕಡಿಮೆ, ನಡತೆಯ ಬಗ್ಗೆ ದೂರು, ಗಣಿತ ಅಥವಾ ಇಂಗ್ಲಿಷ್‌ನಲ್ಲಿ ಫೇಲು. ಇದರಲ್ಲಿ ಒಂದು ಇದ್ದರೂ ಮಗು ಜಾರುತ್ತಿದೆ ಅಂತ ಲೆಕ್ಕ. ನಮ್ಮ ಕೆಲಸ ಅಂಥ ಮಕ್ಕಳನ್ನು ಆರು ಏಳನೇ ತರಗತಿಯಲ್ಲೇ ಹಿಡಿದುಕೊಳ್ಳುವುದು. ಮಗು ಬರಲಿಲ್ಲ ಅಂದರೆ ಮನೆಗೆ ಫೋನ್ ಮಾಡುವುದು, ಬಂದರೆ ಪಕ್ಕದಲ್ಲಿ ಕೂತು ಲೆಕ್ಕ ಮಾಡಿಸುವುದು.

ಪಕ್ಕದಲ್ಲಿ. ಎದುರಿಗೆ ಕೂರಬಾರದು, ಮೇಲೆ ನಿಂತು ಬಗ್ಗಿ ನೋಡಬಾರದು. ಇದನ್ನೂ ಅಭ್ಯಾಸ ಮಾಡಿಸಿದರು. ನನ್ನ ಜೋಡಿ ಓಹಾಯೋ ಹುಡುಗ. ಅವನು ಆರನೇ ತರಗತಿಯ ಹುಡುಗನಾಗಿ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಬೇಕು, ನಾನು ಭಾಗಾಕಾರ ಮಾಡಿಸಬೇಕು. ನಾನು ಹಾಳೆ ಎಳೆದುಕೊಂಡು ನಮ್ಮ ಮೇಷ್ಟ್ರು ಕಲಿಸಿದ ಹಾಗೆ ಭಾಜಕವನ್ನು ಎಡಕ್ಕೆ, ಭಾಗಲಬ್ಧವನ್ನು ಬಲಕ್ಕೆ ಬರೆದೆ. ಅವನು ತಲೆ ಎತ್ತಿ, ನಟನೆ ಮರೆತು, "ಇದೇನು ಮಾಡ್ತಿದ್ದೀಯ?" ಅಂದ. ಇಲ್ಲಿ ಭಾಗಲಬ್ಧವನ್ನು ಮೇಲೆ ಬರೆಯುತ್ತಾರೆ. ನನ್ನ ಉತ್ತರ ಸರಿ, ಆದರೆ ಆ ಹಾಳೆ ನೋಡಿದ ಮಗುವಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆ ಸಂಜೆ ಅವನೇ ಕೂತು ಅಮೆರಿಕದ ಭಾಗಾಕಾರ, ಅಮೆರಿಕದ ಅಲ್ಪವಿರಾಮ ಎಲ್ಲ ಹೇಳಿಕೊಟ್ಟ. ನನಗೆ ಲಕ್ಷದ ಹತ್ತಿರ ಕೈ ತಾನಾಗಿ ಎರಡು ಸೊನ್ನೆಗೇ ಅಲ್ಪವಿರಾಮ ಹಾಕುತ್ತದೆ. ಅದಕ್ಕೆ ಬದಲು ನಾನು ಅವನಿಗೆ ಮಗ್ಗಿ ಹೇಳಿಕೊಟ್ಟೆ. "ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು" ಅನ್ನುವ ಧಾಟಿ ಅವನಿಗೆ ಬಹಳ ಹಿಡಿಸಿತು. ಹದಿನೇಳರ ಮಗ್ಗಿ ಬಾಯಿಪಾಠ ಬರುತ್ತದೆ ಅಂದರೆ ಇಲ್ಲಿ ಜನ ನಂಬುವುದಿಲ್ಲ. ಹನ್ನೆರಡಕ್ಕೆ ನಿಲ್ಲಿಸಿಬಿಡುತ್ತಾರೆ.

ಅದಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಸಾಮಾನ್ಯವಾಗಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮಾತಾಡದ ಮಕ್ಕಳೂ ಮಾತಾಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ ಎಪ್ಪತ್ತರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಮೂರು ಸೆಕೆಂಡು ಅಂದರೆ ಎಷ್ಟು ಅಂತ ಈಗ ಬೇಕಾದರೆ ಎಣಿಸಿ ನೋಡಿ. ಎದುರಿಗೆ ಒಬ್ಬ ಹುಡುಗ ತಲೆ ಕೆರೆದುಕೊಳ್ಳುತ್ತಾ ಕೂತಿರುವಾಗ ಅದು ಯುಗ. ತುಟಿ ಕಚ್ಚಿಕೊಂಡು ಎಣಿಸುತ್ತಿದ್ದೆ.

ಗಮನಿಸಿ ನೋಡಿದರೆ ಎರಡೂ ಕಡೆ ಕಲಿಸಿದ್ದು ಒಂದೇ. ತಂಡದ ಸುತ್ತಿನಲ್ಲೂ ಕಾಯುವುದು, ಡೆಸ್ಕಿನ ಪಕ್ಕದಲ್ಲೂ ಕಾಯುವುದು. ಒಳ್ಳೆಯದು ಮಾಡಬೇಕು ಅಂತ ಹೊರಟು ಬರುವವರಿಗೆ ಬಾಯಿ ಜಾಸ್ತಿ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಹಾಗಾಗಿ ಮೊದಲ ತಿಂಗಳು ನಮ್ಮನ್ನು ಮಕ್ಕಳ ಹತ್ತಿರ ಬಿಡದೆ ಒಬ್ಬರ ಮೇಲೊಬ್ಬರು ಪ್ರಯೋಗ ಮಾಡಿಕೊಳ್ಳಲು ಬಿಟ್ಟದ್ದು ಸರಿ ಅಂತಲೇ ನನ್ನ ಲೆಕ್ಕ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸರ್ಕಾರದ ಆಹಾರ ಸಹಾಯದ ಕಾರ್ಡಿಗೆ ಅರ್ಜಿ ಹಾಕುವುದನ್ನೂ ಆ ದಿನಗಳಲ್ಲೇ ಕಲಿತೆವು. ತಂಡದಲ್ಲಿ ಬಹಳಷ್ಟು ಜನ ಅದನ್ನು ಪಡೆದರು. ಅಮ್ಮನಿಗೆ ಇದನ್ನು ನಾನು ಹೇಳಲೇ ಇಲ್ಲ. ನಾಲ್ವರು ಸೇರಿ ಒಂದು ಸಾಲುಮನೆ ಬಾಡಿಗೆಗೆ ಹಿಡಿದೆವು. ಭಾನುವಾರ ನನ್ನದು ಅಡುಗೆ. ಚಿತ್ರಾನ್ನ ಎಲ್ಲರಿಗೂ ಒಗ್ಗಿತು, ಉಪ್ಪಿಟ್ಟು ಯಾರಿಗೂ ಒಗ್ಗಲಿಲ್ಲ. ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ಶಾಲೆ ಶುರುವಾಯಿತು. ದಿನಾ ಬೆಳಿಗ್ಗೆ ಬಾಗಿಲಲ್ಲಿ ಎರಡು ಸಾಲಾಗಿ ನಿಂತು, ಒಳಗೆ ಬರುವ ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆದು ಚಪ್ಪಾಳೆ ಕೊಡುವುದು ನಮ್ಮ ಮೊದಲ ಕೆಲಸ. ಏಳನೇ ತರಗತಿಯವರು ನಮ್ಮನ್ನು ನೋಡಿ ಕಣ್ಣು ಮೇಲೆ ಮಾಡುತ್ತಿದ್ದರು. ಆದರೂ ಇನ್ನೊಂದು ಬಾಗಿಲಿದ್ದರೂ ಅದರಿಂದ ಬರುತ್ತಿರಲಿಲ್ಲ. ಉತ್ತರ ಫಿಲಡೆಲ್ಫಿಯಾದ ಹುಡುಗಿಗೆ ಮೊದಲ ವಾರವೇ ಅರ್ಧ ಶಾಲೆಯ ಹೆಸರು ಬಾಯಲ್ಲಿತ್ತು. ಅಜ್ಜಿಯ ಮೆಟ್ಟಿಲ ತರಬೇತಿ.

ಫೆಬ್ರವರಿ ಬಗ್ಗೆ ನಮಗೆ ಮೊದಲೇ ಎಚ್ಚರಿಸಿದ್ದರು. ಚಳಿ, ಕತ್ತಲು, ಮಕ್ಕಳ ಅಂಕಗಳಲ್ಲಿ ಏನೂ ಬದಲಾವಣೆ ಕಾಣದ ಕಾಲ. ತಂಡಗಳು ಆಗಲೇ ಒಡೆಯುವುದು. ನಮ್ಮಲ್ಲಿ ಒಬ್ಬ ಹುಡುಗ ದಿನಾ ತಡವಾಗಿ ಬರತೊಡಗಿದ. ಬಾಗಿಲ ಸಾಲಿನಲ್ಲಿ ಅವನ ಜಾಗ ಖಾಲಿ. ಅವನ ಮಕ್ಕಳನ್ನೂ ನಾವೇ ನೋಡಿಕೊಳ್ಳಬೇಕು. ಒಂದು ವಾರ ಬೆನ್ನ ಹಿಂದೆ ಮಾತು ನಡೆಯಿತು. ಕೊನೆಗೆ ಸುತ್ತು ಕೂತೆವು. ಒಬ್ಬೊಬ್ಬರೂ ಸಿಟ್ಟು ಹೇಳಿಕೊಂಡರು. ಅವನು ಕೊನೆಯವನು. ಬಾಡಿಗೆ ಕಟ್ಟಲು ಆಗದೆ ರಾತ್ರಿ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೇನೆ, ಬೆಳಗಿನ ಜಾವ ಬಂದು ಮಲಗುತ್ತೇನೆ ಅಂದ. ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಕೇಳಿರಲೂ ಇಲ್ಲ.

ಇದನ್ನು ಓದಿ, ಆಮೇಲೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಅವನ ಬೆಳಗಿನ ಕೆಲಸವನ್ನು ನಾವು ಹಂಚಿಕೊಂಡೆವು, ಆದರೂ ಅವನಿಗೆ ಆಗಲಿಲ್ಲ. ಮಾರ್ಚ್‌ನಲ್ಲಿ ಬಿಟ್ಟು ಹೋದ. 1,700 ಗಂಟೆ ಮುಗಿಸದೆ ಹೋದವರಿಗೆ ಓದಿನ ದುಡ್ಡು ಸಾಮಾನ್ಯವಾಗಿ ಸಿಗುವುದಿಲ್ಲ, ಅವನಿಗೂ ಸಿಗಲಿಲ್ಲ. ಒಂದು ವರ್ಷ ಸಂಬಳ ಇಲ್ಲದೆ ಬದುಕುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅನುಕೂಲ ಕಡಿಮೆ ಇದ್ದವರಿಗೇ ಆ ಮಕ್ಕಳು ಹೆಚ್ಚು ಗೊತ್ತಿರುತ್ತಾರೆ. ಅಮೆರಿಕದಲ್ಲಿ ಇಂಥ ಸೇವೆಯ ಬಗ್ಗೆ ಮಾತಾಡುವಾಗ ನನಗೆ ಮೊದಲು ನೆನಪಾಗುವುದು ಅವನೇ.

ಇನ್ನೊಂದು ತೊಡಕು, ಒಂದು ವರ್ಷ ಅಂತ ಹಾಕಿಕೊಂಡ ಯಾವ ಯೋಜನೆಗೂ ಇರುವಂಥದ್ದು. ವರ್ಷ ಮುಗಿದುಬಿಡುತ್ತದೆ. ಮಕ್ಕಳು ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ಕೆಂಪು ಜಾಕೆಟ್‌ಗಳನ್ನು ನೋಡುತ್ತಾರೆ, ಜೂನ್‌ನಲ್ಲಿ ಕಳಿಸಿಕೊಡುತ್ತಾರೆ. ನನ್ನ ಹತ್ತಿರ ಕೂರುತ್ತಿದ್ದ ಒಬ್ಬ ಹುಡುಗ ಮೊದಲ ದಿನ ಹೆಸರು ಕೇಳಲಿಲ್ಲ. "ನೀನು ಜೂನ್ ತನಕ ಇರ್ತೀಯಾ, ಇಲ್ಲ ಹೋದ ವರ್ಷದವನ ಥರ ಮಧ್ಯದಲ್ಲೇ ಹೋಗ್ತೀಯಾ?" ಅಂತ ಕೇಳಿದ. ಎರಡು ವರ್ಷ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗನ್ನಿಸುತ್ತದೆ. ಆದರೆ ಎರಡು ವರ್ಷ ಅಂದಿದ್ದರೆ ಅಪ್ಪ ಖಂಡಿತ ಬಿಡುತ್ತಿರಲಿಲ್ಲ.

2025ರ ಏಪ್ರಿಲ್‌ನಲ್ಲಿ ಅಮೆರಿಕಾರ್ಪ್ಸ್‌ನ ಸುಮಾರು 40 ಕೋಟಿ ಡಾಲರ್ ಅನುದಾನವನ್ನು ಸರ್ಕಾರ ಒಮ್ಮೆಲೇ ಕತ್ತರಿಸಿತು. ಅಮೆರಿಕಾರ್ಪ್ಸ್‌ನದೇ ಇನ್ನೊಂದು ಪಡೆ, ವಿಕೋಪ ಆದ ಕಡೆ ಹೋಗಿ ಕೆಲಸ ಮಾಡುವ ಎನ್‌ಸಿಸಿಸಿ ತಂಡಗಳ ಹುಡುಗ ಹುಡುಗಿಯರನ್ನು ವರ್ಷದ ಮಧ್ಯದಲ್ಲೇ ಮನೆಗೆ ಕಳಿಸಿದರು. ಕೆಲವು ರಾಜ್ಯಗಳು ಕೋರ್ಟಿಗೆ ಹೋದವು. ನಮ್ಮ ಹಳೆಯ ತಂಡದ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಓಹಾಯೋ ಹುಡುಗನೇ ಮೊದಲು ಬರೆದ. ಅವನೀಗ ಶಾಲಾ ಮೇಷ್ಟ್ರು. ಬರೆದು, ಉಳಿದವರೆಲ್ಲ ಒಂದೊಂದು ಸಲ ಬರೆಯುವ ತನಕ ಸುಮ್ಮನಿದ್ದ.

ಹೋದ ಸಲ ಹಾಸನಕ್ಕೆ ಹೋದಾಗ ಹಳೆಯ ಸಹಪಾಠಿಯೊಬ್ಬ ಸಿಕ್ಕಿದ್ದ. ಅವನೀಗ ಒಂದು ಕಾಲೇಜಿನಲ್ಲಿ ಎನ್ನೆಸ್ಸೆಸ್ ನೋಡಿಕೊಳ್ಳುತ್ತಾನೆ. "ನೀನು ಅಲ್ಲಿ ಕಲಿತದ್ದು ಏನಾದ್ರೂ ಇದ್ರೆ ಹೇಳು, ಈ ವರ್ಷದ ಶಿಬಿರದಲ್ಲಿ ಮಾಡೋಣ" ಅಂದ. ಪಿಟಿ ಬೇಡ, ಅಲೆ ಬೇಡ, ಜಾಕೆಟ್ ಅಂತೂ ಬೇಡವೇ ಬೇಡ ಅಂದೆ. ಮೊದಲ ದಿನ ಯಾರಿಗೂ ಗುದ್ದಲಿ ಕೊಡಬೇಡ. ಎಲ್ಲರನ್ನೂ ಸುತ್ತ ಕೂರಿಸಿ, ಎಲ್ಲರೂ ಒಂದು ಸಲ ಮಾತಾಡಿದ ಮೇಲೆ, ಡಬರಿ ತೊಳೆಯುವ ಪಾಳಿಯ ಪಟ್ಟಿಯನ್ನು ಅವರ ಕೈಯಿಂದಲೇ ಬರೆಸು. ಗೋಡೆಗೆ ಅಂಟಿಸು. ಅದರಲ್ಲಿ ಕಾರ್ಯಕ್ರಮಾಧಿಕಾರಿಯ ಹೆಸರೂ ಇರಲಿ. ಅವನು ನಕ್ಕು, "ಕಾರ್ಯಕ್ರಮಾಧಿಕಾರಿ ಅಂದ್ರೆ ನಾನೇ ಕಣೋ" ಅಂದ. ಗೊತ್ತು ಅಂದೆ.